ಸರ್ ಜೋಸೆಫ್ ಭೋರ್ : ಬಡವನ ಔಷಧೋಪಚಾರಕ್ಕೆ ನಕ್ಷೆ ಬರೆದವರು

ಭೋರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಪುಣೆಯಲ್ಲಿ ನೆಲಸಿರುವ ನಮ್ಮವರಿಗೆ ನೆನಪಾಗುವುದು ನಗರದ ದಕ್ಷಿಣಕ್ಕಿರುವ ಭೋರ್ ಪಟ್ಟಣ ಮತ್ತು ಅಲ್ಲಿಯ ಪಂತ ಸಚಿವರ ಹಳೆಯ ಸಂಸ್ಥಾನ. ಮುಂಬಯಿಗೆ ಆಗಾಗ ಹೋಗಿ ಬರುವವರು ಖಂಡಾಳೆಯ ಘಾಟನ್ನು ನೆನೆದಾರು. ಆದರೆ ಇದೇ ಹೆಸರನ್ನು ಹೊತ್ತ ಮಹನೀಯರೊಬ್ಬರು ಈ ನಗರದಲ್ಲಿಯೇ ವಿದ್ಯೆ ಕಲಿತು, ಬ್ರಿಟಿಷ್ ಸರಕಾರದ ಅತ್ಯುಚ್ಚ ಪದವಿಗಳಿಗೇರಿ, ಇಳಿವಯಸ್ಸಿನಲ್ಲಿ ಬಡವನ ರೋಗದ ವಿಷಯವಾಗಿ ನಾಲ್ಕು ಸಂಪುಟಗಳ ಒಂದು ವರದಿಯನ್ನು ಬರೆಯಿಸಿ ಹೋದರೆಂಬುದನ್ನು ಬಲ್ಲವರು ಕಡಿಮೆ. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಭೋರ್ ಸಮಿತಿ ಎಂಬ ಹೆಸರನ್ನು ಪರೀಕ್ಷೆಗಾಗಿ ಉರುಹೊಡೆಯುತ್ತಾರೆ. ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ಅವರೂ ಅರಿಯರು.

ವಾಚಕರಲ್ಲಿ ಹೆಚ್ಚಿನವರು ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವವರು. ಊರಿನಿಂದ ಬಂದ ಹುಡುಗನಿಗೆ ಜ್ವರ ಏರಿದಾಗ, ಅಡುಗೆಭಟ್ಟರಿಗೆ ಕೆಮ್ಮಿನಲ್ಲಿ ರಕ್ತ ಕಂಡಾಗ, ಗುಮಾಸ್ತರ ಮನೆಯಲ್ಲಿ ಹೆರಿಗೆಯ ಹೊತ್ತು ಬಂದಾಗ ಏಳುವ ಪ್ರಶ್ನೆಗಳು ಮೂರೇ. ನೋಡುವವರು ಯಾರು? ಅವರು ಎಷ್ಟು ದೂರದಲ್ಲಿದ್ದಾರೆ? ಹಣ ಕೊಡುವವರು ಯಾರು? ಈ ಮೂರು ಪ್ರಶ್ನೆಗಳನ್ನು ಒಂದು ಮನೆಗಾಗಿ ಅಲ್ಲ, ಇಡಿಯ ದೇಶಕ್ಕಾಗಿ ಕೇಳಿ ಉತ್ತರವನ್ನು ಅಂಕಿಗಳಲ್ಲಿ ಬರೆದವರು ಭೋರರು. ಅವರ ಚರಿತ್ರೆ ನಮಗೆ ಬೇಕಾಗಿರುವುದು ಈ ಕಾರಣದಿಂದ.

ಜೋಸೆಫ್ ವಿಲಿಯಂ ಭೋರ್ ಅವರು 1878ನೆಯ ಇಸವಿ ಏಪ್ರಿಲ್ 6ರಂದು ನಾಸಿಕದಲ್ಲಿ ಜನಿಸಿದರು. ಮನೆತನವು ಕ್ರೈಸ್ತ ಮತವನ್ನು ಅನುಸರಿಸಿದುದು. ಪುಣೆಯ ಬಿಷಪ್ ಹೈಸ್ಕೂಲಿನಲ್ಲಿಯೂ ಬಳಿಕ ಯೆರವಡೆಯ ಡೆಕ್ಕನ್ ಕಾಲೇಜಿನಲ್ಲಿಯೂ ಓದಿದರು. ಅಲ್ಲಿಂದ ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋದರು. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1902ರಲ್ಲಿ ಸರಕಾರದ ಸೇವೆಗೆ ಸೇರಿದರು. ಭಾರತೀಯರಿಗೆ ಆ ಬಾಗಿಲು ಅಂದು ಎಷ್ಟು ಇಕ್ಕಟ್ಟಾಗಿದ್ದಿತೆಂಬುದನ್ನು ವಿವರಿಸಬೇಕಾದುದಿಲ್ಲ.

ಅವರ ಎಳೆಯ ಪ್ರಾಯದ ಪುಣೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಭೋರರಿಗೆ ಹದಿನೆಂಟು ತುಂಬಿದ ವರ್ಷ, ಅಂದರೆ 1896ರಲ್ಲಿ, ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲವೇ ತಿಂಗಳಲ್ಲಿ ಘಾಟನ್ನೇರಿ ಪುಣೆಗೆ ಬಂದಿತು. ಸರಕಾರವು ರ‍್ಯಾಂಡ್ ಎಂಬ ಅಧಿಕಾರಿಯನ್ನು ಪ್ಲೇಗು ಸಮಿತಿಯ ಮುಖ್ಯನನ್ನಾಗಿ ನೇಮಿಸಿತು. ಗೋರಾ ಸೋಲ್ಜರುಗಳು ಪೇಠೆಗಳ ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಸಾಮಾನುಗಳನ್ನು ಬೀದಿಗೆಸೆದರು, ಜನರನ್ನು ಕ್ಯಾಂಪುಗಳಿಗೆ ಸಾಗಿಸಿದರು. 1897ರ ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ ಸಹೋದರರ ಗುಂಡಿಗೆ ರ‍್ಯಾಂಡ್ ಬಲಿಯಾದ ಕಥೆ ಎಲ್ಲರಿಗೂ ಗೊತ್ತು. ಅದೇ ವರ್ಷ ಮಾರ್ಚ್ 10ರಂದು, ನಗರದ ಹೊರಗೆ ತಮ್ಮ ಮಗ ಡಾ. ಯಶವಂತರು ತೆರೆದಿದ್ದ ದವಾಖಾನೆಯಲ್ಲಿ ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡುತ್ತ ಅದೇ ರೋಗ ತಗುಲಿ ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡರು. ಒಂದೇ ಊರು, ಒಂದೇ ರೋಗ: ಒಂದೆಡೆ ಸರಕಾರವು ಬಂದೂಕಿನೊಡನೆ ಆರೋಗ್ಯವನ್ನು ಹೇರಲು ಹೊರಟಿತು, ಇನ್ನೊಂದೆಡೆ ವೃದ್ಧೆಯೊಬ್ಬಳು ರೋಗಿಯ ಬಳಿಗೆ ತಾನೇ ನಡೆದಳು. ಅರ್ಧ ಶತಮಾನದ ಬಳಿಕ ಭೋರರು ಬರೆದ ಯೋಜನೆಯಲ್ಲಿ ಹಳ್ಳಿಯ ಜನರ ಒಪ್ಪಿಗೆಗೂ ಸಹಾಯಕ್ಕೂ ಕೊಟ್ಟ ಸ್ಥಾನವನ್ನು ಓದುವಾಗ ಪುಣೆಯಲ್ಲಿರುವವನಿಗೆ ಈ ಸಂಗತಿ ನೆನಪಾಗದೆ ಇರದು.

ಸೇವೆಗೆ ಸೇರಿದ ಭೋರರ ಪಾಲಿಗೆ ಬಂದುದು ಮದ್ರಾಸು ಪ್ರಾಂತ್ಯ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಅಂದು ಅದರೊಳಗೇ ಇದ್ದಿತು. 1914ರಿಂದ 1919ರವರೆಗೆ ಅವರು ಕೊಚ್ಚಿ ಸಂಸ್ಥಾನದ ದಿವಾನರಾಗಿದ್ದರು. ಮುಂದೆ ದಿಲ್ಲಿಯಲ್ಲಿ ಮತ್ತು ಲಂಡನ್ನಿನಲ್ಲಿ ಒಂದರ ಮೇಲೊಂದು ಹುದ್ದೆಗಳು ಬಂದುವು. 1922-23ರಲ್ಲಿ ಲಂಡನ್ನಿನಲ್ಲಿ ಭಾರತದ ಹಂಗಾಮಿ ಹೈಕಮಿಷನರ್. ಅನಂತರ ಶಿಕ್ಷಣ, ಆರೋಗ್ಯ ಹಾಗೂ ಭೂಮಿ ಶಾಖೆಯ ಕಾರ್ಯದರ್ಶಿ. 1930ರಿಂದ ವೈಸರಾಯರ ಕಾರ್ಯಾಂಗ ಮಂಡಲದಲ್ಲಿ ಮೊದಲು ಕೈಗಾರಿಕೆ ಮತ್ತು ಕಾರ್ಮಿಕ ಶಾಖೆ, 1932ರಿಂದ 1935ರವರೆಗೆ ವಾಣಿಜ್ಯ ಮತ್ತು ರೈಲ್ವೆ. ಸರ್ ಎಂಬ ಬಿರುದೂ ಈ ಅವಧಿಯಲ್ಲಿಯೇ ಬಂದಿತು.

ಇಷ್ಟನ್ನು ಹೇಳಿ ಒಂದನ್ನು ಮುಚ್ಚಿಡುವುದು ನ್ಯಾಯವಲ್ಲ. 1928ರಲ್ಲಿ ಸೈಮನ್ ಕಮಿಷನ್ನು ಬಂದಾಗ ದೇಶವೆಲ್ಲ ಕಪ್ಪು ಬಾವುಟ ಹಿಡಿದು ಬಹಿಷ್ಕರಿಸಿತಷ್ಟೆ; ಆ ಕಮಿಷನ್ನಿನ ಕಾರ್ಯದರ್ಶಿಯಾಗಿದ್ದವರು ಈ ಭೋರರೇ. ಅವರು ಜೈಲಿಗೆ ಹೋದವರಲ್ಲ, ಖಾದಿ ತೊಟ್ಟವರಲ್ಲ. ಸರಕಾರದ ಕಡತವನ್ನು ನಂಬಿದವರು. ಆದರೆ ಆ ಕಡತದಲ್ಲಿಯೇ ಕೊನೆಗೆ ಎಂತಹ ಮಾತನ್ನು ಬರೆದರೆಂಬುದನ್ನು ನೋಡಿ ತೀರ್ಮಾನಿಸುವುದು ಲೇಸು. 1911ರಲ್ಲಿ ಅವರು ವಿವಾಹವಾದ ಮಾರ್ಗರೆಟ್ ವಿಲ್ಕಿ ಸ್ಟಾಟ್ ಎಂಬಾಕೆ ಸ್ವತಃ ವೈದ್ಯ ಪದವೀಧರೆ. ಡಾಕ್ಟರರಲ್ಲದ ಭೋರರ ಮನೆಯಲ್ಲಿ ಡಾಕ್ಟರರೊಬ್ಬರಿದ್ದರು. ಸಮಿತಿಯ ಕೆಲಸ ಇನ್ನೂ ನಡೆಯುತ್ತಿದ್ದ 1945ರಲ್ಲಿ ಆಕೆ ನಿಧನರಾದರು.

1943ರ ಅಕ್ಟೋಬರ್ ತಿಂಗಳಲ್ಲಿ ಭಾರತ ಸರಕಾರವು ಆರೋಗ್ಯ ಪರಿಶೀಲನೆ ಮತ್ತು ಅಭಿವೃದ್ಧಿ ಸಮಿತಿಯನ್ನು ನೇಮಿಸಿ, ನಿವೃತ್ತರಾಗಿ ಎಂಟು ವರ್ಷ ಕಳೆದಿದ್ದ ಭೋರರನ್ನು ಅಧ್ಯಕ್ಷಸ್ಥಾನಕ್ಕೆ ಕರೆಯಿತು. ಯುದ್ಧ ಇನ್ನೂ ಮುಗಿದಿರಲಿಲ್ಲ. ಬಂಗಾಳದಲ್ಲಿ ಜನ ಅನ್ನವಿಲ್ಲದೆ ಬೀದಿಯಲ್ಲಿ ಸಾಯುತ್ತಿದ್ದ ಕಾಲವದು. ಇಂಗ್ಲೆಂಡಿನಲ್ಲಿ ಅದಕ್ಕೆ ಹತ್ತು ತಿಂಗಳ ಹಿಂದೆ ಬೆವರಿಜ್ ವರದಿ ಹೊರಬಂದು, ಯುದ್ಧ ಗೆದ್ದ ಮೇಲೆ ಪ್ರಜೆಗೆ ಸರಕಾರ ಏನು ಕೊಡಬೇಕೆಂಬ ಚರ್ಚೆ ಎದ್ದಿದ್ದಿತು. ಆ ಗಾಳಿ ಇಲ್ಲಿಗೂ ಬೀಸಿತು. ಸಮಿತಿಯಲ್ಲಿ ಮದ್ರಾಸಿನ ಪ್ರಸಿದ್ಧ ವೈದ್ಯ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರಿದ್ದರು, ಸರಕಾರದ ವೈದ್ಯಾಧಿಕಾರಿಗಳಿದ್ದರು, ಪುಣೆಯ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯಲ್ಲಿ ಬೆಳೆದು ಕಾರ್ಮಿಕ ಸಂಘಗಳನ್ನು ಕಟ್ಟಿದ ಎನ್. ಎಂ. ಜೋಶಿಯವರೂ ಇದ್ದರು. ಗಿರಣಿ ಕೂಲಿಕಾರರ ಪರವಾಗಿ ಆಯುಸ್ಸನ್ನೇ ಸವೆಸಿದ ಜೋಶಿಯವರು ಅಲ್ಲಿ ಕುಳಿತಿದ್ದುದು ಸಣ್ಣ ಸಂಗತಿಯಲ್ಲ. ಹೊರದೇಶದಿಂದ ವೈದ್ಯಕೀಯ ಇತಿಹಾಸದ ಪಂಡಿತ ಹೆನ್ರಿ ಸಿಗರಿಸ್ಟ್, ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಜಾನ್ ರೈಲ್ ಮೊದಲಾದವರು ಬಂದು ಸಲಹೆಯಿತ್ತರು.

ಮೊದಲು ದೇಶದ ಸ್ಥಿತಿಯ ತಪಾಸಣೆ ನಡೆಯಿತು. ಕಂಡುಬಂದ ಅಂಕಿಗಳನ್ನು ಓದಿದರೆ ಇಂದಿಗೂ ಮನಸ್ಸು ಕುಗ್ಗುತ್ತದೆ. ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 27 ವರ್ಷವನ್ನೂ ಮುಟ್ಟುತ್ತಿರಲಿಲ್ಲ. 1937ರಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 162 ವರ್ಷ ತುಂಬುವ ಮುನ್ನವೇ ಮಣ್ಣು ಸೇರಿದುವು. ಒಟ್ಟು ಸಾವುಗಳಲ್ಲಿ ಸುಮಾರು ಅರ್ಧದಷ್ಟು ಹತ್ತು ವರ್ಷದೊಳಗಿನ ಮಕ್ಕಳವು. ಹೆರಿಗೆಯಲ್ಲಿ ವರ್ಷಕ್ಕೆ ಸುಮಾರು ಎರಡು ಲಕ್ಷ ತಾಯಂದಿರು ಸಾಯುತ್ತಿದ್ದರು. ಮಲೇರಿಯಾ ಪ್ರತಿ ವರ್ಷ ಕನಿಷ್ಠ ಹತ್ತು ಕೋಟಿ ಜನರನ್ನು ಮಲಗಿಸುತ್ತಿದ್ದಿತು. ಕ್ಷಯರೋಗಿಗಳು 25 ಲಕ್ಷ, ಅವರಿಗಾಗಿ ಇದ್ದ ಹಾಸಿಗೆಗಳು ಆರು ಸಾವಿರದ ಆಸುಪಾಸು. ಡಾಕ್ಟರರು 6,300 ಜನರಿಗೊಬ್ಬರು, ಅವರಲ್ಲಿ ಹೆಚ್ಚಿನವರು ಪಟ್ಟಣಗಳಲ್ಲಿ. ದಾದಿಯರು 43,000 ಜನರಿಗೊಬ್ಬರು. ತರಬೇತಿ ಪಡೆದ ಸೂಲಗಿತ್ತಿ 60,000 ಜನರಿಗೊಬ್ಬಳು. ಇಂಗ್ಲೆಂಡಿನಲ್ಲಿ ಸಾವಿರ ಜನರಿಗೆ ಆಸ್ಪತ್ರೆಯ ಏಳು ಹಾಸಿಗೆಗಳಿದ್ದರೆ ಇಲ್ಲಿ ನಾಲ್ಕು ಸಾವಿರ ಜನರಿಗೆ ಒಂದು ಹಾಸಿಗೆ.

ಇಂತಹ ದೇಶದಲ್ಲಿ ಔಷಧದ ಖರ್ಚನ್ನು ಯಾರು ಹೊರಬೇಕು? ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಿಂದ ಬಂದ ಪದ್ಧತಿಯಂತೆ ಕಾರ್ಮಿಕನಿಂದಲೂ ಧಣಿಯಿಂದಲೂ ವಂತಿಗೆ ಕೂಡಿಸಿ ನಿಧಿ ಮಾಡುವುದು ಒಂದು ದಾರಿ. ಆದರೆ ಹೊಲದಲ್ಲಿ ಕೂಲಿ ಮಾಡುವವನಿಗೆ ಗೊತ್ತಾದ ಸಂಬಳವಿಲ್ಲ, ಗೊತ್ತಾದ ಧಣಿಯಿಲ್ಲ. ವಂತಿಗೆಯನ್ನು ಎಲ್ಲಿಂದ ತರುವನು? ಆದುದರಿಂದ ಚಿಕಿತ್ಸೆಯೆಲ್ಲ ಸಾರ್ವಜನಿಕ ಬೊಕ್ಕಸದಿಂದಲೇ ನಡೆಯಬೇಕು, ತೆರಿಗೆಯ ಮೂಲಕ ಉಳ್ಳವನು ಹೆಚ್ಚು ಕೊಡಲಿ, ರೋಗಿಯ ಮುಂದೆ ಕೈಚಾಚುವ ಗಲ್ಲಾಪೆಟ್ಟಿಗೆ ಇರಕೂಡದು ಎಂದು ಸಮಿತಿ ನಿರ್ಧರಿಸಿತು. ಹಣವಿಲ್ಲವೆಂಬ ಕಾರಣದಿಂದ ಯಾವ ಮನುಷ್ಯನೂ ತಕ್ಕ ಚಿಕಿತ್ಸೆಯಿಂದ ವಂಚಿತನಾಗಬಾರದೆಂಬುದನ್ನು ತಮ್ಮ ಯೋಜನೆಯ ಮೊದಲನೆಯ ತತ್ತ್ವವನ್ನಾಗಿ ಇರಿಸಿಕೊಂಡರು. ಸೈಮನ್ ಕಮಿಷನ್ನಿನ ಕಾರ್ಯದರ್ಶಿಯ ಕೈಯಿಂದ ಬಂದ ಮಾತಿದು!

ತತ್ತ್ವವನ್ನು ಹೇಳುವುದು ಸುಲಭ, ಏರ್ಪಾಡು ಕಷ್ಟ. ಭೋರರ ಹೆಚ್ಚಳ ಇರುವುದು ಏರ್ಪಾಡಿನಲ್ಲಿ. ಒಂದೇ ಸಲಕ್ಕೆ ಎಲ್ಲವೂ ಆಗದೆಂದು ಅವರು ಬಲ್ಲರು. ಮೊದಲ ಹತ್ತು ವರ್ಷಗಳಿಗಾಗಿ 40,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂದು ಗೊತ್ತುಮಾಡಿ ಅದರ ಸಿಬ್ಬಂದಿಯನ್ನು ಹೆಸರು ಹೇಳಿ ಎಣಿಸಿದರು. ಡಾಕ್ಟರರು ಇಬ್ಬರು, ಮನೆಮನೆಗೆ ಹೋಗುವ ಆರೋಗ್ಯ ದಾದಿಯರು ನಾಲ್ವರು, ಕೇಂದ್ರದಲ್ಲಿರುವ ದಾದಿ ಒಬ್ಬಳು, ಸೂಲಗಿತ್ತಿಯರು ನಾಲ್ವರು, ತರಬೇತಿ ಕೊಟ್ಟ ಹಳ್ಳಿಯ ದಾಯಿಗಳು ನಾಲ್ವರು, ನೈರ್ಮಲ್ಯ ಇನ್ಸ್‌ಪೆಕ್ಟರರು ಇಬ್ಬರು, ಆರೋಗ್ಯ ಸಹಾಯಕರು ಇಬ್ಬರು, ಔಷಧ ಕೊಡುವವನು ಒಬ್ಬ, ಕೆಳಗಿನ ನೌಕರರು ಹದಿನೈದು ಮಂದಿ; ಒಟ್ಟು 35. ಹೋಟೆಲಿನ ಗಲ್ಲಾದ ಹಿಂದೆ ಕುಳಿತು, ಇಷ್ಟು ಮೇಜಿಗೆ ಎಷ್ಟು ಮಾಣಿಗಳು, ಇಷ್ಟು ಗಿರಾಕಿಗೆ ಎಷ್ಟು ಹಿಟ್ಟು ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದ ಈ ಲೇಖಕನಿಗೆ ವರದಿಯ ಈ ಭಾಗ ಬಹಳ ಹಿಡಿಸುತ್ತದೆ. ಆ ಪಟ್ಟಿಯಲ್ಲಿ ಡಾಕ್ಟರರಿಗಿಂತ ದಾದಿಯರೂ ಸೂಲಗಿತ್ತಿಯರೂ ಹೆಚ್ಚೆಂಬುದನ್ನು ಗಮನಿಸಬೇಕು. ರೋಗ ಬಂದ ಮೇಲೆ ಮದ್ದು ಕೊಡುವುದಕ್ಕಿಂತ ಬಾರದಂತೆ ತಡೆಯುವ ಕೆಲಸಕ್ಕೆ ಕೈಗಳು ಹೆಚ್ಚು ಬೇಕು.

ಮುಂದಿನ ಮೂವತ್ತು ನಾಲ್ವತ್ತು ವರ್ಷಗಳಿಗೆ ಇನ್ನೂ ದೊಡ್ಡ ನಕ್ಷೆಯಿದ್ದಿತು. ಮೂವತ್ತು ಲಕ್ಷ ಜನರಿರುವ ಒಂದು ಜಿಲ್ಲೆಯನ್ನು ಮಾದರಿಯಾಗಿ ತೆಗೆದುಕೊಂಡರು. ಹತ್ತರಿಂದ ಇಪ್ಪತ್ತು ಸಾವಿರ ಜನಕ್ಕೆ 75 ಹಾಸಿಗೆಗಳ ಆಸ್ಪತ್ರೆ. ಅಂತಹ ಹಲವು ಕೇಂದ್ರಗಳ ಮೇಲೆ 650 ಹಾಸಿಗೆಗಳ ಮಧ್ಯಮ ಆಸ್ಪತ್ರೆ. ಜಿಲ್ಲೆಯ ತಲೆಯೆಡೆಯಲ್ಲಿ 2,500 ಹಾಸಿಗೆಗಳ ದೊಡ್ಡ ಆಸ್ಪತ್ರೆ. ಹಳ್ಳಿಯಲ್ಲಿ ಗುಣವಾಗದ ರೋಗ ಮೇಲಿನ ಮೆಟ್ಟಿಲಿಗೆ ಹೋಗಬೇಕು. ಅಲ್ಲಿಯ ತಜ್ಞರು ಕೆಳಗಿನವರ ಕೆಲಸವನ್ನು ಬಂದು ನೋಡಬೇಕು. ಸಣ್ಣ ಜ್ವರಕ್ಕೂ ಜನ ದೊಡ್ಡ ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸುವ ಪ್ರಸಂಗ ಬರಬಾರದೆಂಬುದು ಇದರ ಗುಟ್ಟು. 1867ರಿಂದ ಪುಣೆಯ ಬಡವರಿಗೆ ಆಸರೆಯಾಗಿರುವ ಸಸೂನ್ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಒಂದು ಬೆಳಗ್ಗೆ ನಿಂತವನಿಗೆ, ಕೆಳಗಿನ ಮೆಟ್ಟಿಲು ಗಟ್ಟಿಯಾಗಿಲ್ಲದಿದ್ದರೆ ಮೇಲಿನದು ಏನಾಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಡಳಿತದಲ್ಲಿಯೂ ಭೋರರು ಹಳೆಯ ಗಂಟೊಂದನ್ನು ಬಿಚ್ಚಿದರು. ಅಂದು ಪ್ರಾಂತ್ಯಗಳಲ್ಲಿ ಆಸ್ಪತ್ರೆಗಳಿಗೆ ಒಬ್ಬ ಮೇಲಧಿಕಾರಿ, ಲಸಿಕೆ ನೈರ್ಮಲ್ಯಾದಿಗಳಿಗೆ ಇನ್ನೊಬ್ಬ; ಒಬ್ಬನ ಕಡತವನ್ನು ಇನ್ನೊಬ್ಬ ನೋಡುತ್ತಿರಲಿಲ್ಲ. ಎರಡನ್ನೂ ಕೆಳಗಿನಿಂದ ಮೇಲಿನವರೆಗೆ ಒಂದುಗೂಡಿಸಬೇಕೆಂದು ಅವರು ವಿಧಿಸಿದರು. ಕೇಂದ್ರದಲ್ಲಿ ಆರೋಗ್ಯ ಮಂತ್ರಿ, ಪ್ರಾಂತ್ಯಗಳಲ್ಲಿ ಮಂತ್ರಿಗಳು, ಇವರೆಲ್ಲ ಒಟ್ಟಿಗೆ ಕೂರುವ ಒಂದು ಮಂಡಲಿ; ಜಿಲ್ಲೆಗೊಂದು ಆರೋಗ್ಯ ಮಂಡಲಿ; ಹಳ್ಳಿಗೊಂದು ಸಮಿತಿ, ಅದರಲ್ಲಿ ಸಂಬಳವಿಲ್ಲದೆ ದುಡಿಯುವ ಊರ ಜನ. ಡಾಕ್ಟರರು ಪೂರ್ಣಾವಧಿಯ ಸಂಬಳದವರಾಗಿರಬೇಕು, ಖಾಸಗಿ ವೃತ್ತಿ ಕೂಡದು. ಇವೆಲ್ಲ ಬರಿಯ ಕಾಗದದ ಕನಸೂ ಆಗಿರಲಿಲ್ಲ. ನಮ್ಮ ಮೈಸೂರು ಸಂಸ್ಥಾನವು ರಾಕೆಫೆಲ್ಲರ್ ಸಂಸ್ಥೆಯ ನೆರವಿನಿಂದ ಆಗಿನ ಕ್ಲೋಸ್‌ಪೇಟೆ, ಅಂದರೆ ರಾಮನಗರದಲ್ಲಿ, ಹಳ್ಳಿಗಳಿಗಾಗಿ ಆರೋಗ್ಯ ಘಟಕವನ್ನು 1930ರ ದಶಕದಲ್ಲಿಯೇ ನಡೆಸಿ ತೋರಿಸಿದ್ದಿತು.

ವರದಿಯ ಎಲ್ಲವನ್ನೂ ಹೊಗಳಲು ಮನಸ್ಸು ಒಪ್ಪದು. ಅಂದಿನ 47,500 ಡಾಕ್ಟರರಲ್ಲಿ ಸುಮಾರು ಮೂವತ್ತು ಸಾವಿರ ಮಂದಿ ಎಲ್.ಎಂ.ಪಿ. ಮೊದಲಾದ ಸಣ್ಣ ಪರೀಕ್ಷೆಗಳನ್ನು ಮುಗಿಸಿದವರು; ಸಣ್ಣ ಊರುಗಳಲ್ಲಿ ಜನರಿಗೆ ಸಿಗುತ್ತಿದ್ದವರು ಬಹುಮಟ್ಟಿಗೆ ಇವರೇ. ದೇಶಕ್ಕೆಲ್ಲ ಒಂದೇ ಮಟ್ಟದ ಎಂ.ಬಿ.ಬಿ.ಎಸ್. ಡಾಕ್ಟರರು ಸಾಕು, ಈ ಸಣ್ಣ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಬಹುಮತದ ಸದಸ್ಯರು ಬರೆದರು. ಕೆಲವು ಸದಸ್ಯರು ಒಪ್ಪದೆ ಭಿನ್ನಮತದ ಟಿಪ್ಪಣಿ ಸೇರಿಸಿದರು. ಸರಕಾರ ಬಹುಮತದ ಮಾತನ್ನು ಬೇಗನೆ ನಡೆಸಿಕೊಟ್ಟಿತು, ಏಕೆಂದರೆ ಮುಚ್ಚುವುದಕ್ಕೆ ಹಣ ಬೇಕಾಗದು. ಪುಣೆಯ ಬಿ.ಜೆ. ವೈದ್ಯಕೀಯ ಶಾಲೆ ಕಾಲೇಜಾದುದೂ 1946ರಲ್ಲಿಯೇ. ಕಾಲೇಜುಗಳಿಂದ ಹೊರಬಂದ ಪದವೀಧರರೋ ಪಟ್ಟಣದ ಕಡೆಗೆ ಮುಖಮಾಡಿದರು. ಭಿನ್ನಮತದವರ ಮಾತಿನಲ್ಲಿ ಹುರುಳಿತ್ತೆಂದೇ ನಮ್ಮ ಎಣಿಕೆ. ಆಯುರ್ವೇದ ಯುನಾನಿಗಳ ಪ್ರಶ್ನೆಯನ್ನು ಸಮಿತಿಯು ಪ್ರಾಂತ್ಯ ಸರಕಾರಗಳಿಗೆ ಬಿಟ್ಟುಕೊಟ್ಟಿತು. ಅದಕ್ಕಾಗಿ ಚೋಪ್ರಾ ಸಮಿತಿ ಬೇರೆಯಾಗಿ ಕೂರಬೇಕಾಯಿತು.

1946ರಲ್ಲಿ ವರದಿ ಹೊರಬಂದಿತು. ಮರುವರ್ಷವೇ ಸ್ವಾತಂತ್ರ್ಯ, ದೇಶವಿಭಜನೆ, ನಿರಾಶ್ರಿತರ ಪ್ರವಾಹ. ಇಂಗ್ಲೆಂಡು 1948ರ ಜುಲೈ 5ರಂದು ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ತೆರೆಯಿತು. ಅಲ್ಲಿ ಆಸ್ಪತ್ರೆಗಳು ಆಗಲೇ ಇದ್ದುವು, ಸರಕಾರ ಅವನ್ನು ವಹಿಸಿಕೊಂಡಿತು. ಇಲ್ಲಿ ವಹಿಸಿಕೊಳ್ಳಲು ಏನಿದ್ದಿತು? ಇಟ್ಟಿಗೆಯಿಂದಲೇ ಆರಂಭಿಸಬೇಕಾಗಿದ್ದಿತು. 1950ರ ಸಂವಿಧಾನವು ಸಾರ್ವಜನಿಕ ಆರೋಗ್ಯವನ್ನೂ ಆಸ್ಪತ್ರೆಗಳನ್ನೂ ರಾಜ್ಯಗಳ ಪಟ್ಟಿಯಲ್ಲಿರಿಸಿತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿದುವು. ಆದರೆ ಭೋರರ ನಲವತ್ತು ಸಾವಿರದ ಬದಲು ಒಂದೊಂದು ಕೇಂದ್ರಕ್ಕೆ ಲಕ್ಷದ ಸಮೀಪ ಜನ, ಸಿಬ್ಬಂದಿಯೋ ಅವರು ಎಣಿಸಿದುದಕ್ಕಿಂತ ಎಷ್ಟೋ ಕಡಿಮೆ. ಅವರು ಬಯಸಿದ್ದ ಅಖಿಲ ಭಾರತ ವೈದ್ಯಕೀಯ ಸಂಸ್ಥೆ ಮಾತ್ರ ಆರೋಗ್ಯ ಮಂತ್ರಿಣಿ ರಾಜಕುಮಾರಿ ಅಮೃತಕೌರರ ಛಲದಿಂದ 1956ರಲ್ಲಿ ದಿಲ್ಲಿಯಲ್ಲಿ ತಲೆಯೆತ್ತಿತು. ಮೇಲಿನ ಕಲಶ ಬಂದಿತು, ಕೆಳಗಿನ ಅಡಿಗಲ್ಲು ತಡವಾಯಿತು.

ನಡುವೆ ಇನ್ನೊಂದು ದಾರಿಯೂ ತೆರೆಯಿತು. ಅದು ನಮ್ಮ ಹೋಟೆಲು ಬಂಧುಗಳಿಗೆ ನೇರವಾಗಿ ತಟ್ಟುವಂತಹುದು. ಪ್ರೊ. ಬಿ. ಪಿ. ಅಡಾರ್ಕರ್ ಅವರ 1944ರ ವರದಿಯನ್ನು ಹಿಡಿದು 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯದೆ, ಅಂದರೆ ಇ.ಎಸ್.ಐ., ಬಂದಿತು, 1952ರ ಫೆಬ್ರವರಿ 24ರಂದು ಕಾನಪುರದಲ್ಲಿ ಆರಂಭವಾಯಿತು. ಇದು ಭೋರರು ಹಿಡಿದ ಹಾದಿಯಲ್ಲ, ವಂತಿಗೆಯ ಹಾದಿ. ಮೊದಲು ಕಾರ್ಖಾನೆಗಳಿಗೆ ಇದ್ದುದು ಕ್ರಮೇಣ ಹೋಟೆಲು ಅಂಗಡಿಗಳಿಗೂ ಹಬ್ಬಿತು. ಸಂಬಳದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈಯಲ್ಲಿ ವಂತಿಗೆಯನ್ನು ಇಳಿಸಿ ಧಣಿಯ ಪಾಲು ಶೇಕಡಾ 3.25, ಕೆಲಸಗಾರನ ಪಾಲು ಶೇಕಡಾ 0.75 ಎಂದು ಗೊತ್ತುಮಾಡಲಾಯಿತು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನಿಗೆ ಈ ಚೀಟಿ ಸಿಗದು. ಹೆಸರು ಬರೆಯದ ಧಣಿಗಳು ನಮ್ಮವರಲ್ಲಿಯೂ ಇದ್ದಾರೆಂಬುದನ್ನು ಈ ಪತ್ರಿಕೆಯಲ್ಲಿಯೇ ಹೇಳದಿದ್ದರೆ ಮತ್ತೆಲ್ಲಿ ಹೇಳುವುದು? ವಂತಿಗೆಯ ಪದ್ಧತಿಯಲ್ಲಿ ಹೊರಗೆ ಉಳಿಯುವವರು ಯಾರೆಂದು ಭೋರರು ಮೊದಲೇ ಕಂಡಿದ್ದರು.

ಇಂದು ಬಯಲು ಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ಸರಕಾರದ ನಿಯಮ. ಅದರ ಕೆಳಗೆ ಐದು ಸಾವಿರ ಅಥವಾ ಮೂರು ಸಾವಿರ ಜನಕ್ಕೊಂದು ಉಪಕೇಂದ್ರ. ಸರಾಸರಿ ಆಯುಸ್ಸು ಎಪ್ಪತ್ತರ ಹತ್ತಿರ ಬಂದಿದೆ. ಊರಿನಲ್ಲಿರುವ ನಮ್ಮ ತಾಯಿ ತಂದೆಯರ ರಕ್ತದೊತ್ತಡ ನೋಡುವವರೂ ಮಕ್ಕಳಿಗೆ ಲಸಿಕೆ ಹಾಕುವವರೂ ಈ ಕೇಂದ್ರಗಳ ದಾದಿಯರೇ. ಆ ಬಾಗಿಲುಗಳ ಮೇಲೆ ಭೋರರ ಹೆಸರನ್ನು ಕೆತ್ತಿಲ್ಲ. ಅವರು ಹೇಳಿದ 75 ಹಾಸಿಗೆಗಳನ್ನು ಅಂತಹ ಕೇಂದ್ರಗಳಲ್ಲಿ ಹುಡುಕಿ ಪ್ರಯೋಜನವಿಲ್ಲ.

ಹಾಕಿದ ನಕ್ಷೆಗೂ ಕಟ್ಟಿದ ಮನೆಗೂ ಇರುವ ಅಂತರವನ್ನು ಅಳೆಯುವ ಕೆಲಸ 1959ರಲ್ಲಿ ಇನ್ನೊಂದು ಸಮಿತಿಗೆ ಬಂದಿತು. ಅದರ ಅಧ್ಯಕ್ಷರು ಹಿಂದೆ ಭೋರರ ಜತೆ ಕುಳಿತಿದ್ದ ಅದೇ ಲಕ್ಷ್ಮಣಸ್ವಾಮಿ ಮುದಲಿಯಾರರು. ಇರುವ ಕೇಂದ್ರಗಳಲ್ಲಿ ಡಾಕ್ಟರರಿಲ್ಲ, ದಾದಿಯರಿಲ್ಲ. ಹೊಸವನ್ನು ತೆರೆಯುವ ಮುನ್ನ ಇದ್ದವನ್ನು ಬಲಪಡಿಸಿರಿ, ಒಂದು ಕೇಂದ್ರಕ್ಕೆ ನಲವತ್ತು ಸಾವಿರಕ್ಕಿಂತ ಹೆಚ್ಚು ಜನರನ್ನು ಹೊರಿಸಬೇಡಿರಿ ಎಂಬುದು ಅವರು 1961ರಲ್ಲಿ ಒಪ್ಪಿಸಿದ ವರದಿಯ ಸಾರಾಂಶ. ಹದಿನೈದು ವರ್ಷಗಳ ಬಳಿಕ ಭೋರರ ಅಂಕಿಯೇ ಮರಳಿ ಬಂದಿತು. ಅದನ್ನು ಓದಲು ಭೋರರು ಇರಲಿಲ್ಲ. 1960ರ ಆಗಸ್ಟ್ 15ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಅವರು ಕಾಲವಾಗಿದ್ದರು.